ಬೇರ್ ಆ್ಯಕ್ಟ್ ಓದಿಕೊಂಡು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೊರಟವರಿಗೆ

ನಾನು ಮೊದಲ ಸಲ ಒಬ್ಬನೇ ಜಾಮೀನು ಅರ್ಜಿಗೆ ವಾದ ಮಾಡಿದ್ದು ಒಂದು ಶುಕ್ರವಾರ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ತಯಾರಿ. ಸುಪ್ರೀಂ ಕೋರ್ಟಿನ 1977ರ ಬಾಲ್‌ಚಂದ್ ತೀರ್ಪಿನಿಂದ ಹಿಡಿದು 2014ರ ಅರ್ನೇಶ್ ಕುಮಾರ್‌ವರೆಗೆ ಚೀಟಿ ಅಂಟಿಸಿಕೊಂಡು ಹೋಗಿದ್ದೆ. ಒಂದೂವರೆ ನಿಮಿಷ ಆಗಿರಬೇಕು, ಮ್ಯಾಜಿಸ್ಟ್ರೇಟರು ಫೈಲಿನಿಂದ ತಲೆ ಎತ್ತದೆಯೇ "ಶೂರಿಟಿ ಬಂದಿದ್ದಾರಾ?" ಅಂತ ಕೇಳಿದರು. ಬಂದಿರಲಿಲ್ಲ. ಜಾಮೀನಿಗೆ ಹೊಣೆ ನಿಲ್ಲುವವರನ್ನು ಕರೆದುಕೊಂಡು ಬರಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಜಾಮೀನು ಆದೇಶ ಅವತ್ತೇ ಆಯಿತು, ನನ್ನ ಕಕ್ಷಿದಾರ ಹುಡುಗ ಹೊರಗೆ ಬಂದಿದ್ದು ಸೋಮವಾರ ಸಂಜೆ. ನನ್ನ ತಪ್ಪಿಗೆ ಅವನು ಮೂರು ರಾತ್ರಿ ಜಾಸ್ತಿ ಒಳಗಿದ್ದ.

ಈಗಷ್ಟೇ ಸನ್ನದು ತೆಗೆದುಕೊಂಡು, ತಾಲ್ಲೂಕು ಕೋರ್ಟಿನಲ್ಲಿ ಯಾರಾದರೂ ಸೀನಿಯರ್ ಹಿಂದೆ ಫೈಲ್ ಹಿಡಿದು ಓಡಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಸಿನಲ್ಲಿ ಸಿಕ್ಕಿಕೊಂಡು ಕೋರ್ಟ್ ಕಟ್ಟೆಯ ಮೇಲೆ ಕೂತಿರುವವರಿಗೂ ಉಪಯೋಗ ಆಗಬಹುದು. ಕಾಲೇಜಿನಲ್ಲಿ ನಮಗೆ ಅಪರಾಧ ಅಂದರೆ ಏನು, ದುರುದ್ದೇಶ ಅಂದರೆ ಏನು ಅಂತ ಕಲಿಸಿದರು. ಕೋರ್ಟಿನಲ್ಲಿ ಆ ಪ್ರಶ್ನೆಗೆ ತಲುಪುವುದಕ್ಕೇ ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕೇಸಿನ ಗತಿ ಮುಕ್ಕಾಲು ಪಾಲು ಕಾಗದ, ತಾರೀಖು, ಹಾಜರಿ ಇವುಗಳಲ್ಲೇ ತೀರ್ಮಾನ ಆಗಿರುತ್ತದೆ. ಹಾಗಂತ ಬೇರ್ ಆ್ಯಕ್ಟ್, ಅಂದರೆ ಕಾಯ್ದೆಯ ಮೂಲಪಾಠದ ಪುಸ್ತಕ, ಬಿಸಾಡಬೇಡಿ. ಅದನ್ನು ಯಾವ ಹೊತ್ತಿನಲ್ಲಿ ತೆಗೆಯಬೇಕು ಅನ್ನುವುದೇ ಇಲ್ಲಿ ವಿಷಯ.

ಮೊದಲು ಒಂದು ಮಾತು: ನಿಮ್ಮ ಚೀಲದಲ್ಲಿ ಎರಡೆರಡು ಸೆಟ್ ಪುಸ್ತಕ ಇರಲಿ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗೆ ಐಪಿಸಿ ಬದಲು ಬಿಎನ್‌ಎಸ್, ಕೇಸ್ ನಡೆಸುವ ವಿಧಾನಕ್ಕೆ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್, ಸಾಕ್ಷ್ಯಕ್ಕೆ ಬಿಎಸ್‌ಎ ಬಂದಿವೆ. ಆದರೆ ಘಟನೆ ಅದಕ್ಕಿಂತ ಮೊದಲು ನಡೆದಿದ್ದರೆ ಕಲಂಗಳು ಐಪಿಸಿಯವೇ. ಆ ದಿನ ಬಾಕಿ ಇದ್ದ ತನಿಖೆ, ವಿಚಾರಣೆ, ಅಪೀಲುಗಳು ಹಳೆ ಸಿಆರ್‌ಪಿಸಿ ಪ್ರಕಾರವೇ ನಡೆಯುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ 313, ಹನ್ನೊಂದೂವರೆಗೆ 351 ಅನ್ನಬೇಕಾಗುತ್ತದೆ. ಎರಡೂ ಒಂದೇ ಹಂತ, ಆರೋಪಿಯ ಹೇಳಿಕೆ. ಹೊಸ ಬಿಎನ್‌ಎಸ್‌ನಲ್ಲೂ ಒಂದು 351 ಇದೆ, ಅದು ಜೀವ ಬೆದರಿಕೆಯ ಕಲಂ. ಬಾಯಿ ತಪ್ಪಿದರೆ ನಗೆಪಾಟಲು.

ಉದಾಹರಣೆಗೆ ಒಂದು ಕಾಲ್ಪನಿಕ ಕೇಸ್ ಇಟ್ಟುಕೊಳ್ಳೋಣ. ರಂಗಪ್ಪ, ಸಿದ್ದಪ್ಪ ದಾಯಾದಿಗಳು. ಹೊಲದ ಬದುವಿನ ವಿಷಯಕ್ಕೆ ಜಗಳ, ಕೈ ಕೈ ಮಿಲಾಯಿಸಿ ರಂಗಪ್ಪನ ತಲೆಗೆ ಪೆಟ್ಟು. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಇಂಥ ಫೈಲ್ ಸಿಗುತ್ತದೆ, ಹುಡುಕಬೇಕಾಗಿಯೇ ಇಲ್ಲ.

ದೂರನ್ನು ಹೇಗೆ ಓದಬೇಕು

ರಂಗಪ್ಪನ ದೂರು ಹೀಗಿರುತ್ತದೆ: "ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ದೊಣ್ಣೆಯಿಂದ ತಲೆಗೆ ಹೊಡೆದು ರಕ್ತಗಾಯಪಡಿಸಿ, ನಿನ್ನನ್ನು ಜೀವಸಹಿತ ಬಿಡುವುದಿಲ್ಲ ಎಂದು ಜೀವ ಬೆದರಿಕೆ ಹಾಕಿರುತ್ತಾರೆ." ಬೀದರ್‌ನಿಂದ ಚಾಮರಾಜನಗರದವರೆಗೆ ಇದೇ ವಾಕ್ಯ, ಅಲ್ವಾ? ಇದು ಯಾರೂ ಮಾತಾಡುವ ಕನ್ನಡ ಅಲ್ಲ. ಒಂದೊಂದು ತುಂಡೂ ಒಂದೊಂದು ಕಲಮಿಗೆ ಅಂತ ಬರೆದದ್ದು. ಅವಾಚ್ಯ ಶಬ್ದ ಅಂದರೆ ಹಳೆ 504, ಈಗ 352. ಕೈಯಿಂದ ಹೊಡೆದದ್ದು ಹಳೆ 323, ಈಗ 115(2). ದೊಣ್ಣೆ ಹಳೆ 324, ಈಗ 118(1). ಬೆದರಿಕೆ 506, ಈಗ 351. ಜೊತೆಗೆ ಇಬ್ಬರು ಇದ್ದರೆ 34, ಈಗ 3(5).

ದೊಣ್ಣೆ ಯಾಕೆ ಎಲ್ಲ ದೂರಿನಲ್ಲೂ ಇರುತ್ತದೆ ಅಂತ ಯೋಚಿಸಿದ್ದೀರಾ? ಬರೀ ಬೈಗುಳ, ಕೈ ಏಟು ಅಂದರೆ ಅಸಂಜ್ಞೇಯ. ಪೊಲೀಸರು ಎನ್‌ಸಿಆರ್ (ಅಸಂಜ್ಞೇಯ ದೂರಿನ ದಾಖಲೆ) ಬರೆದು ಹಿಂಬರಹ ಕೊಟ್ಟು ಕಳಿಸಬಹುದು. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯೇ ಇಲ್ಲ. ಒಂದು ದೊಣ್ಣೆಯೋ ಕಲ್ಲೋ ಬಂದರೆ ಇಡೀ ಕೇಸ್ ಸಂಜ್ಞೇಯ ಆಗುತ್ತದೆ, ಎಫ್‌ಐಆರ್‌ಗೆ ದಾರಿ ತೆರೆಯುತ್ತದೆ. ದೂರು ಬರೆದುಕೊಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ದೂರಿನಲ್ಲಿರುವ ದೊಣ್ಣೆ ಆಸ್ಪತ್ರೆ ದಾಖಲೆಯಲ್ಲೂ ಇದೆಯಾ ಅಂತ ಮೊದಲು ನೋಡಿ.

ಪುಸ್ತಕ ತೆಗೆಯಬೇಕಾದ ಮೊದಲ ಜಾಗ ಇದು. 352ಕ್ಕೆ ಸುಮ್ನೆ ಬೈದರೆ ಸಾಲದು. ಶಾಂತಿ ಭಂಗಕ್ಕೆ ಪ್ರಚೋದಿಸುವ ಉದ್ದೇಶ ಬೇಕು. ಏನಂತ ಬೈದರು ಅನ್ನುವುದು ದೂರಿನಲ್ಲಿ ಇಲ್ಲದಿದ್ದರೆ ಆ ಉದ್ದೇಶವನ್ನು ಅಳೆಯುವುದು ಹೇಗೆ? "ಅವಾಚ್ಯ ಶಬ್ದ" ಅಂತ ಮರ್ಯಾದೆಗೆ ಬರೆದದ್ದೇ ಅಭಿಯೋಜನೆಗೆ ಮುಳುವಾಗುತ್ತದೆ. ಹಾಗೇ 118(1)ಕ್ಕೆ ಎಲ್ಲ ಕೋಲೂ ಆಯುಧ ಅಲ್ಲ. ಆಯುಧವಾಗಿ ಬಳಸಿದರೆ ಸಾವು ತರಬಲ್ಲಂಥದ್ದು ಆಗಿರಬೇಕು. ಕಲ್ಲು ಅಪಾಯಕಾರಿ ಆಯುಧ ಹೌದೋ ಅಲ್ಲವೋ ಅನ್ನುವುದು ಆಯಾ ಕೇಸಿನ ಸಂಗತಿಯ ಮೇಲೆ ನಿಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಕೇರಳದ ಮಥಾಯಿ ಕೇಸಿನಲ್ಲಿ ಹೇಳಿದೆ. ಆದ್ದರಿಂದ ವಶಪಡಿಸಿಕೊಂಡ ಮುದ್ದೆಮಾಲನ್ನು ಕೋರ್ಟಿನಲ್ಲಿ ಬಿಚ್ಚಿಸಿ ನೋಡಿ. ದೂರಿನಲ್ಲಿ ದೊಣ್ಣೆ ಅಂತ ಇದ್ದದ್ದು ಚೀಲದಿಂದ ಹೊರಗೆ ಬಂದಾಗ ಹುಣಸೆ ಬರಲು ಆಗಿರಬಹುದು.

ದೂರುದಾರರ ಕಡೆಯವರಾದರೆ ಇದನ್ನೇ ತಿರುಗಿಸಿ. ಬೈಗುಳ ಏನಿತ್ತೋ ಅದನ್ನೇ ಬರೆಸಿ, ನಾಚಿಕೆ ಬೇಡ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಿ, ರಸೀದಿ ಇಟ್ಟುಕೊಂಡು, ಆಮೇಲೆ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟರ ಹತ್ತಿರ ಬಿಎನ್‌ಎಸ್‌ಎಸ್ 175(3)ರ ಅರ್ಜಿ, ಅಂದರೆ ತನಿಖೆಗೆ ಆದೇಶ ಕೋರುವ ಅರ್ಜಿ, ಹಾಕಿ. ನಡುವಿನ ಮೆಟ್ಟಿಲು ಹಾರಿದರೆ ಅರ್ಜಿ ವಾಪಸ್ ಬರುತ್ತದೆ. ಸಂಜ್ಞೇಯ ಅಪರಾಧಕ್ಕೆ ಎಫ್‌ಐಆರ್ ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ತೀರ್ಪು ಇದೆ ನಿಜ, ಆದರೆ ಠಾಣೆಯ ಕಟ್ಟೆಯಲ್ಲಿ ನಿಂತು ಆ ಹೆಸರು ಹೇಳಿದ್ದರಿಂದ ಕೆಲಸ ಆದದ್ದನ್ನು ನಾನಂತೂ ನೋಡಿಲ್ಲ.

ಮೂರು ಗಡಿಯಾರ

ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದ ಕೂಡಲೇ ಸಾಕ್ಷಿಗಳ ಹೇಳಿಕೆಗೆ ಹಾರಬೇಡಿ. ಒಂದು ಹಾಳೆಯಲ್ಲಿ ಮೂರು ಸಮಯ ಬರೆದುಕೊಳ್ಳಿ: ಘಟನೆಯ ಸಮಯ, ಎಫ್‌ಐಆರ್ ದಾಖಲಾದ ಸಮಯ, ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ ಸಮಯ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಎಫ್‌ಐಆರನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಅಂತ ಕಾನೂನಿದೆ. ಅವರು ಸಹಿ ಹಾಕಿ ದಿನಾಂಕ, ಗಂಟೆ ಬರೆಯುತ್ತಾರೆ. ನಿಮಗೆ ಕೊಡುವ ಜೆರಾಕ್ಸ್‌ನಲ್ಲಿ ಅದು ಮಸುಕಾಗಿರುತ್ತದೆ, ಮೂಲ ಫೈಲ್ ನೋಡಲು ಅರ್ಜಿ ಹಾಕಿ. ರಾತ್ರಿ ಎಂಟಕ್ಕೆ ದಾಖಲಾದ ಎಫ್‌ಐಆರ್ ಪಕ್ಕದ ಬೀದಿಯ ಕೋರ್ಟಿಗೆ ಮರುದಿನ ಸಂಜೆ ಬಂದಿದ್ದರೆ ನಡುವೆ ಏನು ಚರ್ಚೆ ಆಯಿತು ಅನ್ನುವ ಪ್ರಶ್ನೆ ಏಳುತ್ತದೆ. ತಡವಾದ ಮಾತ್ರಕ್ಕೇ ಕೇಸ್ ಬೀಳುವುದಿಲ್ಲ, ಅದೂ ನೆನಪಿರಲಿ. ಬೇರೆ ಸಂಶಯಗಳ ಜೊತೆ ಸೇರಿದರೆ ಮಾತ್ರ ಅದಕ್ಕೆ ತೂಕ.

ಆಮೇಲೆ ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿನ ಗಾಯಾಳುಗಳ ದಾಖಲೆ. ಗಾಯಾಳು ಮೊದಲ ಸಲ ವೈದ್ಯರಿಗೆ ಏನು ಹೇಳಿದ ಅನ್ನುವುದು ಅಲ್ಲಿರುತ್ತದೆ. ಯಾರು ಹೊಡೆದರು, ಯಾವುದರಿಂದ, ಎಲ್ಲಿ, ಎಷ್ಟು ಹೊತ್ತಿಗೆ. ಪೊಲೀಸರು ಬರುವ ಮೊದಲೇ, ವಕೀಲರು ಬರುವ ಮೊದಲೇ ಹೇಳಿದ ಮಾತು ಅದು. ನನ್ನ ಅನುಭವದಲ್ಲಿ ಗಾಯದ ಪ್ರಮಾಣಪತ್ರಕ್ಕಿಂತ ಈ ಎರಡು ಸಾಲು ಜಾಸ್ತಿ ಕೆಲಸ ಮಾಡುತ್ತದೆ. ಅದು ಬಿಟ್ಟು, ವೈದ್ಯರಿಗೆ ಪಾಟಿ ಸವಾಲಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಗಟ್ಟಿ ನೆಲದ ಮೇಲೆ ಬಿದ್ದರೆ ಇಂಥ ಗಾಯ ಆಗುವ ಸಾಧ್ಯತೆ ಇದೆ ಎಂದರೆ ಸರಿ." ವೈದ್ಯರು ಸರಿ ಅನ್ನುತ್ತಾರೆ, ಜಡ್ಜ್ ಬರೆಸುತ್ತಾರೆ, ಯಾರಿಗೂ ಅದರಿಂದ ಏನೂ ಆಗುವುದಿಲ್ಲ. ಗಾಯಾಳು ಬಿದ್ದದ್ದನ್ನು ನೋಡಿದವರು ಯಾರೂ ಇಲ್ಲದಿದ್ದರೆ ಆ ಪ್ರಶ್ನೆ ಕೇಳಿ ಏನು ಪ್ರಯೋಜನ?

ಗಾಯ ಸಾದಾ ಸ್ವರೂಪದ್ದೋ ತೀವ್ರ ಸ್ವರೂಪದ್ದೋ ಅನ್ನುವುದು ವೈದ್ಯರ ಅಭಿಪ್ರಾಯದ ಮೇಲೆ ನಿಂತಿಲ್ಲ, ಕಾನೂನಿನ ಪಟ್ಟಿಯ ಮೇಲೆ ನಿಂತಿದೆ. ಮೂಳೆ ಅಥವಾ ಹಲ್ಲು ಮುರಿದರೆ ತೀವ್ರ. ತೀವ್ರ ನೋವಿನ ಅವಧಿ ಹಳೆ ಕಾನೂನಿನಲ್ಲಿ 20 ದಿನ ಇತ್ತು, ಬಿಎನ್‌ಎಸ್‌ನಲ್ಲಿ 15 ದಿನ. ಎಕ್ಸ್‌ರೇ ಇಲ್ಲದೆ "ಫ್ರಾಕ್ಚರ್" ಅಂತ ಬರೆದಿದ್ದರೆ ಎಕ್ಸ್‌ರೇ ಎಲ್ಲಿ ಅಂತ ಕೇಳಿ. ಇಂಥ ಕಡೆ ಪುಸ್ತಕ ಓದಿದವರೇ ಗೆಲ್ಲುವುದು.

ಮಹಜರಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಕಾನೂನಿನ ಪ್ರಕಾರ ಪಂಚರು, ಅಂದರೆ ಮಹಜರಿಗೆ ಸಾಕ್ಷಿಯಾದವರು, ಸ್ಥಳದಲ್ಲಿ ನಿಂತು ನೋಡಬೇಕು. ಕೋರ್ಟಿಗೆ ಬಂದ ಪಂಚ "ಠಾಣೆಗೆ ಕರೆದಿದ್ದರು, ಸಹಿ ಹಾಕಿದೆ, ಅದರಲ್ಲಿ ಏನಿದೆ ಗೊತ್ತಿಲ್ಲ" ಅನ್ನುತ್ತಾನೆ. ಹೊಸ ಕೇಸುಗಳಲ್ಲಿ ಇದು ಬದಲಾಗಬೇಕು. ಬಿಎನ್‌ಎಸ್‌ಎಸ್‌ನ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಅದಕ್ಕೆ ಇ-ಸಾಕ್ಷ್ಯ ಅನ್ನುವ ಆ್ಯಪ್ ಕೂಡ ಇದೆ. 2024ರ ಜುಲೈ ನಂತರದ ಕೇಸಾದರೆ ಮೊದಲ ದಿನವೇ ವಿಡಿಯೊ ಪ್ರತಿ, ಜೊತೆಗೆ ಬಿಎಸ್‌ಎ 63(4)ರ ಪ್ರಮಾಣಪತ್ರ ಕೇಳಿ.

ಎದುರು ಕೇಸ್ ಇದ್ದೇ ಇರುತ್ತದೆ. ಸಿದ್ದಪ್ಪನೂ ಅವತ್ತೇ ರಾತ್ರಿ ಬೇರೆ ಆಸ್ಪತ್ರೆಗೆ ಸೇರಿ ಕೌಂಟರ್ ಹಾಕಿರುತ್ತಾನೆ. ಎರಡನ್ನೂ ಒಬ್ಬರೇ ನ್ಯಾಯಾಧೀಶರು, ಒಂದರ ಹಿಂದೆ ಒಂದು ವಿಚಾರಣೆ ಮಾಡಿ ಒಟ್ಟಿಗೆ ತೀರ್ಪು ಕೊಡಬೇಕು ಅಂತ 1990ರ ನಾಥಿ ಲಾಲ್ ತೀರ್ಪು ಹೇಳುತ್ತದೆ. ಆದರೆ ಇದು ತಾನಾಗಿಯೇ ಆಗುವುದಿಲ್ಲ. ಎರಡು ಸಿಸಿ ನಂಬರ್, ಎರಡು ಬೇರೆ ತಾರೀಖು, ಕೆಲವೊಮ್ಮೆ ಎರಡು ಬೇರೆ ಹಾಲ್. ಒಂದು ಮೆಮೊ ಹಾಕಿ ಒಟ್ಟಿಗೆ ಕರೆಸಿಕೊಳ್ಳಬೇಕಾದವರು ನೀವೇ.

ಬಂಧನ, ರಿಮಾಂಡ್, ಮತ್ತೆ ಆ ಶೂರಿಟಿ

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ಆಗಬಾರದು ಅಂತ ಅರ್ನೇಶ್ ಕುಮಾರ್ ತೀರ್ಪು. ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ಬೀದಿಯಲ್ಲಿ ನಡೆಯುವುದು ಫೋನ್ ಕರೆ: "ಸ್ವಲ್ಪ ಸ್ಟೇಷನ್ ಕಡೆ ಬಂದು ಹೋಗು." ಕಕ್ಷಿದಾರರಿಗೆ ಹೇಳಿ, ಬರುತ್ತೇನೆ, ಲಿಖಿತ ನೋಟಿಸ್ ಕೊಡಿ ಅಂತ ಮರ್ಯಾದೆಯಿಂದ ಕೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟಿಸ್ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ನೋಟಿಸ್ ಬಂದ ಮೇಲೆ ಹೋಗದೇ ಇರುವುದು ಮಾತ್ರ ದಡ್ಡತನ. ಹೋಗದಿದ್ದರೆ ಬಂಧನಕ್ಕೆ ಅದೇ ಕಾರಣ ಆಗುತ್ತದೆ.

ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಇದನ್ನು ಪೊಲೀಸರು ಸಾಮಾನ್ಯವಾಗಿ ಪಾಲಿಸುತ್ತಾರೆ, ಕಾಗದದಲ್ಲಿ. ಠಾಣೆಗೆ ಕರೆತಂದ ಸಮಯ ಒಂದು, ಬಂಧನ ಅಂತ ಬರೆದ ಸಮಯ ಇನ್ನೊಂದು. ಮನೆಯವರ ಫೋನಿನಲ್ಲಿ ಕರೆ ದಾಖಲೆ ಇರುತ್ತದೆ, ಎಷ್ಟು ಗಂಟೆಗೆ ಕರೆದುಕೊಂಡು ಹೋದರು ಅನ್ನುವುದನ್ನು ರಿಮಾಂಡ್ ಹೊತ್ತಿನಲ್ಲೇ ಹೇಳಿ. ಬಂಧನದ ಕಾರಣ ತಿಳಿಸಿದ್ದಾರಾ ಅನ್ನುವುದನ್ನೂ ಅಲ್ಲೇ ಎತ್ತಿ. ಕಾರಣ ತಿಳಿಸದ ಬಂಧನ ಕಾನೂನುಬಾಹಿರ ಅಂತ 2025ರ ವಿಹಾನ್ ಕುಮಾರ್ ತೀರ್ಪು ಇದೆ. ನಮ್ಮಲ್ಲಿ ಎಷ್ಟೋ ಜನ ರಿಮಾಂಡ್‌ಗೆ ಹೋಗುವುದೇ ಇಲ್ಲ, "ಬೇಲ್ ಹಾಕೋಣ ಬಿಡಿ" ಅಂತ ಸುಮ್ಮನಿರುತ್ತಾರೆ. ನನ್ನ ಮಟ್ಟಿಗೆ ಇಡೀ ಕೇಸಿನಲ್ಲಿ ಪುಸ್ತಕದ ಕಾನೂನು ಅತಿ ಹೆಚ್ಚು ಕೆಲಸ ಮಾಡುವ ಹತ್ತು ನಿಮಿಷ ಅದು. ಮ್ಯಾಜಿಸ್ಟ್ರೇಟರ ಮನೆ ಬಾಗಿಲಲ್ಲಿ ಭಾನುವಾರ ಸಂಜೆ ಆದರೂ ಹೋಗಿ ನಿಲ್ಲಿ.

ಚಾರ್ಜ್‌ಶೀಟ್ ಗಡುವು ಮೀರಿ ತಡವಾದರೆ ಅದೇ ಕಾರಣಕ್ಕೆ ಸಿಗುವ ಜಾಮೀನು ಡೀಫಾಲ್ಟ್ ಬೇಲ್. ಅಪರಾಧದ ಮೇಲೆ 60 ಅಥವಾ 90 ದಿನ. ಲೆಕ್ಕದಲ್ಲಿ ರಿಮಾಂಡ್ ಆದ ಮೊದಲ ದಿನವೂ ಸೇರುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಕಪಿಲ್ ವಾಧವಾನ್ ಕೇಸಿನಲ್ಲಿ ಹೇಳಿದ್ದು. ಪುಸ್ತಕ ಇದನ್ನು ಕಸಿದುಕೊಳ್ಳಲಾಗದ ಹಕ್ಕು ಅನ್ನುತ್ತದೆ. ಆದರೆ ನೀವು ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯಿತು. ಆದ್ದರಿಂದ 61ನೇ ದಿನ ಕೋರ್ಟ್ ತೆರೆಯುವಾಗಲೇ ಅರ್ಜಿ ಕೊಟ್ಟು, ಸ್ವೀಕೃತಿಯಲ್ಲಿ ಗಂಟೆ ಬರೆಸಿಕೊಳ್ಳಿ. ಮಧ್ಯಾಹ್ನ ನೋಡೋಣ ಅಂದುಕೊಂಡವರ ಕಥೆಗಳು ಪ್ರತಿ ಬಾರ್ ಅಸೋಸಿಯೇಶನ್ನಿನಲ್ಲೂ ಇವೆ.

ಇನ್ನು ಶೂರಿಟಿ. ಜಾಮೀನು ಆದೇಶ ಅಂದರೆ ಅರ್ಧ ಕೆಲಸ. ಜಾಮೀನುದಾರರು, ಅವರ ಪಹಣಿ ಅಥವಾ ಮನೆ ಕಂದಾಯದ ರಸೀದಿ, ಆಧಾರ್, ಫೋಟೊ, ಅಫಿಡವಿಟ್. ಪಹಣಿ ಹೊಸದಾಗಿ ತೆಗೆಸಿದ್ದು ಇರಲಿ. ಹೆಸರು ಆಧಾರ್‌ನಲ್ಲಿ "ಸಿದ್ದಪ್ಪ", ಪಹಣಿಯಲ್ಲಿ "ಸಿದ್ಧಪ್ಪ ಬಿನ್ ಲೇಟ್ ಕರಿಯಪ್ಪ" ಅಂತ ಇದ್ದರೆ ಅಲ್ಲೇ ಒಂದು ಗಂಟೆ ಹೋಗುತ್ತದೆ, ಅದಕ್ಕೂ ಒಂದು ಅಫಿಡವಿಟ್ ಮೊದಲೇ ಸಿದ್ಧ ಮಾಡಿ. ಅವರು ಬೇರೆ ಯಾರಿಗೆಲ್ಲ ಜಾಮೀನು ನಿಂತಿದ್ದಾರೆ ಅಂತ ಘೋಷಣೆ ಕೊಡಬೇಕು. ಕೋರ್ಟ್ ಸುತ್ತಮುತ್ತ ದುಡ್ಡು ತೆಗೆದುಕೊಂಡು ನಿಲ್ಲುವ ಶೂರಿಟಿಗಳು ಸಿಗುತ್ತಾರೆ, ಹತ್ತಿರ ಸೇರಿಸಬೇಡಿ. ದಾಖಲೆ ಸುಳ್ಳು ಅಂತ ಗೊತ್ತಾದ ದಿನ ನಿಮ್ಮ ಕಕ್ಷಿದಾರ ಮತ್ತೆ ಒಳಗೆ, ನಿಮ್ಮ ಮೇಲೂ ಕಣ್ಣು ಬೀಳುತ್ತದೆ. ಬಿಡುಗಡೆ ಆದೇಶ ಸಂಜೆಯೊಳಗೆ ಜೈಲು ತಲುಪಬೇಕು, ಇಲ್ಲದಿದ್ದರೆ ಇನ್ನೊಂದು ರಾತ್ರಿ. ಹಾಗಾಗಿ ಜಾಮೀನು ವಾದವನ್ನು ಬೆಳಿಗ್ಗೆಯ ಕಲಾಪದಲ್ಲೇ ಮುಗಿಸಿಕೊಳ್ಳಲು ನೋಡಿ.

ತಾರೀಖಿನ ದಿನ

ಬಿಎನ್‌ಎಸ್‌ಎಸ್ 346 ಹೇಳುವುದು: ವಿಚಾರಣೆ ದಿನಾ ನಡೆಯಬೇಕು, ಕೈಮೀರಿದ ಕಾರಣ ಇದ್ದರೂ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಇಲ್ಲ. ಓದುವುದಕ್ಕೆ ಚೆನ್ನಾಗಿದೆ! ಕಾಸ್ ಲಿಸ್ಟ್‌ನಲ್ಲಿ ನೂರರ ಹತ್ತಿರ ಕೇಸ್ ಇರುವ ಹಾಲಿನಲ್ಲಿ ನಿಮ್ಮ ಕೇಸಿಗೆ ಸಿಗುವುದು ಒಂದು ನಿಮಿಷ. ಆ ಒಂದು ನಿಮಿಷಕ್ಕೆ ಆರೋಪಿ ಹಾಜರಿದ್ದಾನಾ ಇಲ್ಲವಾ ಅನ್ನುವುದಷ್ಟೇ ಲೆಕ್ಕ.

ಹಿಂದಿನ ರಾತ್ರಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಗುರುತು ಸಂಖ್ಯೆ, 16 ಅಕ್ಷರದ ಸಿಎನ್‌ಆರ್, ಹಾಕಿ ಹಂತ ಯಾವುದು ನೋಡಿ. ಎಚ್‌ಬಿಸಿಯೋ (ಆರೋಪ ಹೊರಿಸುವ ಮುಂಚಿನ ವಾದ), ಸಾಕ್ಷಿಯೋ, 351ರ ಹೇಳಿಕೆಯೋ. ಬೆಳಿಗ್ಗೆ ಹತ್ತೂವರೆಯೊಳಗೆ ಹಾಲಿನಲ್ಲಿರಿ. ಬೆಂಚ್ ಕ್ಲರ್ಕ್‌ಗೆ ನಮಸ್ಕಾರ ಹೇಳಿ, ಕೋರ್ಟಿನ ಪೊಲೀಸ್ ಕಾನ್‌ಸ್ಟೆಬಲ್ ಹತ್ತಿರ ಇವತ್ತು ಸಾಕ್ಷಿಗಳು ಬಂದಿದ್ದಾರಾ ಕೇಳಿ. ಇವರಿಬ್ಬರಿಗೆ ಗೊತ್ತಿರುವಷ್ಟು ಆ ಫೈಲಿನ ಬಗ್ಗೆ ಯಾರಿಗೂ ಗೊತ್ತಿರುವುದಿಲ್ಲ, ನನಗೆ ಅರ್ಧ ಕೆಲಸ ಕಲಿಸಿದ್ದು ಒಬ್ಬ ಬೆಂಚ್ ಕ್ಲರ್ಕ್.

ಆರೋಪಿ ಬರಲಾಗದಿದ್ದರೆ ಇಪಿ, ಅಂದರೆ ಅವತ್ತಿನ ಹಾಜರಿಗೆ ವಿನಾಯಿತಿ ಅರ್ಜಿ. ಹಳೆ 317, ಹೊಸ 355. ಕಾರಣ ನಿಜವಾಗಿರಲಿ. ಪ್ರತಿ ಸಲ "ಜ್ವರ" ಅಂತ ಬರೆದರೆ ನಾಲ್ಕನೇ ಸಲ ಜಡ್ಜ್ ನಗುತ್ತಾರೆ, ಐದನೇ ಸಲ ಎನ್‌ಬಿಡಬ್ಲ್ಯು, ಅಂದರೆ ಜಾಮೀನುರಹಿತ ವಾರಂಟ್. ಆಸ್ಪತ್ರೆ ಚೀಟಿ, ಬಸ್ ಟಿಕೆಟ್, ಮಗಳ ಮದುವೆ ಕರೆಯೋಲೆ, ಏನಾದರೂ ಒಂದು ಕಾಗದ ಜೊತೆಗಿಡಿ. ವಾರಂಟ್ ಆಗಿಬಿಟ್ಟರೆ ಹೆದರಿ ಓಡಿಹೋಗುವ ಆರೋಪಿಗಳೇ ಜಾಸ್ತಿ. ಮಾಡಬೇಕಾದದ್ದು ಅದರ ತಿರುವು: ಮರುದಿನವೇ ಆರೋಪಿಯನ್ನು ಮುಂದೆ ನಿಲ್ಲಿಸಿ ವಾರಂಟ್ ರಿಕಾಲ್ ಅರ್ಜಿ ಹಾಕುವುದು. ತಾನಾಗಿ ಬಂದವನಿಗೂ ಪೊಲೀಸರು ಎಳೆದು ತಂದವನಿಗೂ ಕೋರ್ಟ್ ತೋರುವ ಮುಖ ಬೇರೆ.

ಆರೋಪದಿಂದಲೇ ಬಿಡುಗಡೆ ಕೋರುವ ಡಿಸ್ಚಾರ್ಜ್ ಅರ್ಜಿಗೆ ಹೊಸ ಕಾನೂನಿನಲ್ಲಿ ಗಡುವು ಬಂದಿದೆ. ದಾಖಲೆಗಳ ಪ್ರತಿ ಸಿಕ್ಕ ದಿನದಿಂದ 60 ದಿನ. ಮೊದಲಿನ ಹಾಗೆ ಎಚ್‌ಬಿಸಿಯಲ್ಲಿ ಎರಡು ವರ್ಷ ತಾರೀಖು ತೆಗೆದುಕೊಂಡು ಆಮೇಲೆ ಯೋಚಿಸುವಂತಿಲ್ಲ. ಪ್ರತಿ ಕೊಟ್ಟ ದಿನವನ್ನು ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆಯಿರಿ.

ಜೂಜು, ಸಣ್ಣಪುಟ್ಟ ಪೆಟಿ ಕೇಸುಗಳಲ್ಲಿ "ಒಪ್ಪಿಕೊಂಡು ದಂಡ ಕಟ್ಟಿ ಹೋಗಿ" ಅನ್ನುವ ಸಲಹೆ ಕಾರಿಡಾರಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ತಪ್ಪೊಪ್ಪಿಗೆ ಅಂದರೆ ಅಪರಾಧಿ ಅಂತ ತೀರ್ಮಾನ. ಸರ್ಕಾರಿ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವ ಹುಡುಗನಿಗೆ ಅದನ್ನು ಬಿಡಿಸಿ ಹೇಳಿ. ತೀರ್ಮಾನ ಅವನದು, ಆದರೆ ಗೊತ್ತಿದ್ದು ಮಾಡಲಿ.

"ಎಂದರೆ ಸರಿಯಲ್ಲ"

ಇಂಗ್ಲಿಷಿನಲ್ಲಿ ಸಾಕ್ಷ್ಯ ಕಾನೂನು ಓದಿಕೊಂಡು ಬಂದವರು ಎಡವುವುದು ಇಲ್ಲಿ. ನಮ್ಮ ವಿಚಾರಣಾ ಕೋರ್ಟುಗಳಲ್ಲಿ ಸಾಕ್ಷಿ ಬರೆಯುವುದು ಕನ್ನಡದಲ್ಲಿ, ಅದಕ್ಕೆ ಅದರದೇ ವ್ಯಾಕರಣ. ನೀವು ಕೇಳಿದ ಪ್ರಶ್ನೆ ಫೈಲಿಗೆ ಹೋಗುವುದಿಲ್ಲ. ಜಡ್ಜ್ ಬರೆಸುವ ವಾಕ್ಯ ಹೋಗುತ್ತದೆ. "ಘಟನೆಯ ಸಮಯದಲ್ಲಿ ನಾನು ಸಂತೆಗೆ ಹೋಗಿದ್ದೆ ಎಂದರೆ ಸರಿಯಲ್ಲ." ಆದ್ದರಿಂದ ಪ್ರಶ್ನೆಯನ್ನು ಆ ಆಕಾರದಲ್ಲೇ ಕೇಳಲು ಅಭ್ಯಾಸ ಮಾಡಿ: ಒಂದು ಸಂಗತಿ, ಒಂದು ವಾಕ್ಯ, ಕೊನೆಗೆ ಸರಿಯಾ ಸುಳ್ಳಾ. ಉದ್ದ ಪ್ರಶ್ನೆ ಕೇಳಿದರೆ ಜಡ್ಜ್ ತಮಗೆ ಅರ್ಥವಾದದ್ದನ್ನು ಬರೆಸುತ್ತಾರೆ. ಬರೆಸುವಾಗ ಕಿವಿ ಕೊಟ್ಟು ಕೇಳಿ, ತಪ್ಪಿದ್ದರೆ ಆಗಲೇ "ಸ್ವಾಮಿ, ಸಾಕ್ಷಿ ಹೇಳಿದ್ದು ಹೀಗೆ" ಅಂತ ವಿನಯದಿಂದ ಹೇಳಿ. ಸಂಜೆ ಡೆಪೊಸಿಷನ್ ಪ್ರತಿ ಓದಿ ಗೊಣಗಿದರೆ ಆಗುವುದಿಲ್ಲ. ನೀವು ಕೇಳದಿದ್ದನ್ನೂ ಸಾಕ್ಷಿ ಸೇರಿಸಿ ಹೇಳಿದರೆ "ಸಾಕ್ಷಿಯು ತಾನಾಗಿಯೇ ಮುಂದುವರಿದು ನುಡಿಯುತ್ತಾರೆ" ಅಂತ ಬರುತ್ತದೆ. ಆ ಸಾಲು ಕಂಡರೆ ನಿಮ್ಮ ಪ್ರಶ್ನೆಯೇ ಬಾಗಿಲು ತೆರೆಯಿತು ಅಂತ ಅರ್ಥ.

ಸಲಹೆಯ ಪ್ರಶ್ನೆಗಳನ್ನು, ಅಂದರೆ ಉತ್ತರವನ್ನು ಒಳಗೇ ಇಟ್ಟು ಹೌದಾ ಅಲ್ಲವಾ ಅಂತ ಕೇಳುವ ಪ್ರಶ್ನೆಗಳನ್ನು, ಪಟ್ಟಿ ಹಿಡಿದು ಒಪ್ಪಿಸುವ ಅಭ್ಯಾಸ ಅಪಾಯ. "ನೀವು ಬಂದಾಗ ಸಿದ್ದಪ್ಪನ ಕೈಯಲ್ಲಿ ದೊಣ್ಣೆ ಇರಲಿಲ್ಲ ಅಲ್ಲವೇ?" ಅಂತ ಕೇಳಿದಿರಿ ಅಂತಿಟ್ಟುಕೊಳ್ಳಿ. ಸಿದ್ದಪ್ಪ ಅಲ್ಲಿದ್ದ ಅಂತ ನೀವೇ ಒಪ್ಪಿದ ಹಾಗಾಯಿತು. ಇಡೀ ನಿಮ್ಮ ವಾದ ಅವನು ಅಲ್ಲಿರಲೇ ಇಲ್ಲ ಅನ್ನುವುದು! ವಕೀಲರ ಇಂಥ ಸಲಹೆಗಳು ಆರೋಪಿಯನ್ನು ಕಟ್ಟಿಹಾಕಬಹುದು ಅಂತ 2023ರ ಬಾಲು ಸುದಾಮ್ ಖಲ್ದೆ ತೀರ್ಪಿನಲ್ಲಿದೆ.

ಪುಸ್ತಕಕ್ಕೂ ಅಭ್ಯಾಸಕ್ಕೂ ಕೊಂಡಿ ತಪ್ಪುವ ಇನ್ನೊಂದು ಜಾಗ ಹೇಳಿಬಿಡುತ್ತೇನೆ, ಇದನ್ನು ಗುರುತು ಹಾಕಿಕೊಳ್ಳಿ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಕೋರ್ಟಿನ ಹೇಳಿಕೆಗೂ ವ್ಯತ್ಯಾಸ ಇದೆ ಅಂತ ಬರೀ ವಾದದಲ್ಲಿ ಹೇಳಿದರೆ ನಡೆಯುವುದಿಲ್ಲ. ಸಾಕ್ಷಿಗೆ ಆ ಭಾಗವನ್ನೇ ಓದಿ ತೋರಿಸಬೇಕು. ಹೇಳಿಲ್ಲ ಅಂದರೆ ಆ ಭಾಗಕ್ಕೆ ಮಾತ್ರ ನಿ.ಡಿ.1 (ಆರೋಪಿ ಕಡೆಯ ಮೊದಲ ನಿಶಾನೆ) ಅಂತ ಗುರುತು ಹಾಕಿಸಬೇಕು. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಆರು ತಿಂಗಳ ನಂತರ ತನಿಖಾಧಿಕಾರಿ ಸಾಕ್ಷಿ ಕಟ್ಟೆಗೆ ಬಂದಾಗ "ಸಾಕ್ಷಿ ನಿಮ್ಮ ಮುಂದೆ ನಿ.ಡಿ.1ರಂತೆ ಹೇಳಿದ್ದಾರೆಯೇ?" ಅಂತ ಕೇಳಬೇಕು. ಇದನ್ನು ಮರೆಯುತ್ತಾರೆ. ಮರೆತರೆ ಆ ನಿ.ಡಿ.1 ಸಾಬೀತಾಗದ ಕಾಗದ. ತನಿಖಾಧಿಕಾರಿಯ ಪಾಟಿ ಸವಾಲಿಗೆ ಬೇಕಾದ ಇಂಥ ಪ್ರಶ್ನೆಗಳನ್ನು ಪ್ರತಿ ಸಾಕ್ಷಿ ಮುಗಿದ ದಿನವೇ ಫೈಲಿನ ಹಿಂದಿನ ಹಾಳೆಯಲ್ಲಿ ಬರೆದಿಡಿ.

ರಾಜಿ ಅನ್ನುವ ಮೂರನೇ ದಾರಿ

ಮೂರು ವರ್ಷದಲ್ಲಿ ರಂಗಪ್ಪನ ಮೊಮ್ಮಗಳಿಗೆ ನಾಮಕರಣ, ಸಿದ್ದಪ್ಪ ಊಟಕ್ಕೆ ಹೋಗಿ ಬಂದಿದ್ದಾನೆ. ಇಬ್ಬರಿಗೂ ಕೇಸ್ ಬೇಡ. ಪುಸ್ತಕ ಹೇಳುತ್ತದೆ: 115(2) ರಾಜಿ ಆಗುತ್ತದೆ, ದೊಣ್ಣೆಯ ಕಲಂ ಆಗುವುದಿಲ್ಲ. ಹಳೆ 324 ಕೂಡ 2009ರ ಕೊನೆಯಿಂದ ರಾಜಿ ಪಟ್ಟಿಯಲ್ಲಿಲ್ಲ. ಎಫ್‌ಐಆರ್ ಆಗಲಿ ಅಂತ ಅವತ್ತು ಸೇರಿಸಿದ ದೊಣ್ಣೆ ಇವತ್ತು ರಾಜಿಗೆ ಅಡ್ಡ.

ಆಗ ಕೋರ್ಟಿನಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ರಂಗಪ್ಪ ಕಟ್ಟೆ ಹತ್ತಿ "ಯಾರು ಹೊಡೆದರು ಗೊತ್ತಿಲ್ಲ" ಅನ್ನುತ್ತಾನೆ. ಎಪಿಪಿ, ಅಂದರೆ ಸರ್ಕಾರಿ ಅಭಿಯೋಜಕರು, ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸಲು ಅನುಮತಿ ಕೇಳಿ, "ಆರೋಪಿಯೊಂದಿಗೆ ಶಾಮೀಲಾಗಿ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅನ್ನುವವರೆಗೆ ಕೇಳಿ ಕೂರುತ್ತಾರೆ. ಖುಲಾಸೆ. ಪ್ರಮಾಣ ಮಾಡಿ ಸುಳ್ಳು ಹೇಳಲು ನೀವು ಯಾರಿಗೂ ಹೇಳಿಕೊಡಬೇಡಿ. ಅದು ಅಪರಾಧ, ಮೇಲಾಗಿ ಬೇಕಾಗಿಯೂ ಇಲ್ಲ. ಹೈಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 528ರ ಅಡಿ, ಇಬ್ಬರ ಜಂಟಿ ಅಫಿಡವಿಟ್ ಹಾಕಿ ಕೇಸ್ ರದ್ದು ಮಾಡಿಸಿಕೊಳ್ಳುವ ದಾರಿ 2012ರ ಜ್ಞಾನ್ ಸಿಂಗ್ ತೀರ್ಪಿನಿಂದ ತೆರೆದಿದೆ. ಬೆಂಗಳೂರು, ಧಾರವಾಡ, ಕಲಬುರಗಿ ಯಾವುದು ನಿಮಗೆ ಸೇರುತ್ತದೋ ಅಲ್ಲಿ. ಖರ್ಚು ಇದೆ, ನಿಜ. ರಾಜಿ ಆಗುವ ಕಲಂಗಳಷ್ಟೇ ಇದ್ದರೆ ಲೋಕ ಅದಾಲತ್ ಸಾಕು. ಕಕ್ಷಿದಾರ ಬಡವನಾದರೆ ಕಾನೂನು ಸೇವಾ ಸಮಿತಿಗೆ ಕಳಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100.

ತೀರ್ಪಿನ ದಿನದವರೆಗೆ

ಆರೋಪಿಯ ಹೇಳಿಕೆಯನ್ನು ಎಲ್ಲರೂ ಕಾಟಾಚಾರ ಮಾಡಿಕೊಂಡಿದ್ದಾರೆ. ಮೂವತ್ತು ಪ್ರಶ್ನೆ, ಮೂವತ್ತು ಸಲ "ಸುಳ್ಳು". ಅಲ್ಲೇ ಲಿಖಿತ ಹೇಳಿಕೆ ಕೊಡುವ ಅವಕಾಶ ಇದೆ. ಆರೋಪಿಗೆ ಹೇಳಲು ಒಂದು ಕಥೆ ಇದ್ದರೆ, ಅವತ್ತು ಬೇರೆ ಊರಿನಲ್ಲಿದ್ದ, ಹಳೆ ದ್ವೇಷ ಇತ್ತು, ಏನೋ ಒಂದು, ಅದನ್ನು ಎರಡು ಪುಟದಲ್ಲಿ ಕೊಡಿ. ವಾದದ ದಿನ ಮೊದಲ ಸಲ ಹೇಳಿದರೆ ಜಡ್ಜ್ ಕೇಳುವುದೇ "ಇದನ್ನು ಮೊದಲು ಯಾಕೆ ಹೇಳಲಿಲ್ಲ?" ಅಂತ.

ಬಾಯಿ ವಾದ ಹದಿನೈದು ನಿಮಿಷ ಸಿಕ್ಕರೆ ಪುಣ್ಯ. ಲಿಖಿತ ವಾದ ಕೊಡಿ, ನಾಲ್ಕೈದು ಪುಟ, ಯಾವ ಸಾಕ್ಷಿ ಯಾವ ಪ್ಯಾರಾದಲ್ಲಿ ಏನು ಹೇಳಿದ ಅಂತ. ಹತ್ತು ತೀರ್ಪಿನ ಹೆಸರಿಗಿಂತ ಹೊಂದುವ ಒಂದು ತೀರ್ಪು ಸಾಕು.

ಶಿಕ್ಷೆಯ ಪ್ರಮಾಣದ ಮೇಲೆ ಕೇಳಿದಾಗ "ವಯಸ್ಸಾದ ತಾಯಿ ಇದ್ದಾರೆ ಸ್ವಾಮಿ" ಅಂತ ಹೇಳಿ ಕೂರಬೇಡಿ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಇದೆ, ಮೊದಲ ಸಲದ ಅಪರಾಧ, ದಾಯಾದಿ ಜಗಳ, ಈಗ ಸೌಹಾರ್ದ ಇದೆ ಅಂದರೆ ಒಳ್ಳೆ ನಡತೆಯ ಮುಚ್ಚಳಿಕೆ ಮೇಲೆ ಬಿಡಿ ಅಂತ ಕೇಳಿ. ಕೇಳದಿದ್ದರೆ ಎಷ್ಟೋ ಸಲ ಯಾರೂ ನೆನಪಿಸುವುದಿಲ್ಲ.

ಶಿಕ್ಷೆ ಆದರೆ ತೀರ್ಪಿನ ಉಚಿತ ಪ್ರತಿ ಅವತ್ತೇ ಕೇಳಿ ಪಡೆಯಿರಿ. ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು 30 ದಿನ ಇದೆ. ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಆರೋಪಿ ಅಲ್ಲಿಯವರೆಗೆ ಬೇಲಿನಲ್ಲೇ ಇದ್ದಿದ್ದರೆ, ಅಪೀಲು ಹಾಕುವವರೆಗೆ ಅದೇ ಕೋರ್ಟ್ ಬಿಡುಗಡೆ ಮಾಡುತ್ತದೆ, ಅದಕ್ಕೆ ಬಾಂಡ್ ಬೇಕು. ಖುಲಾಸೆ ಆದರೂ ಮೇಲಿನ ಕೋರ್ಟ್ ಕರೆದರೆ ಬರುತ್ತೇನೆ ಅಂತ ಆರು ತಿಂಗಳ ಬಾಂಡ್ ಕೊಡಬೇಕು, ಹಳೆ 437ಎ, ಹೊಸ 481. ಅಂದರೆ ಗೆದ್ದರೂ ಸೋತರೂ ತೀರ್ಪಿನ ದಿನ ಶೂರಿಟಿ ಪಹಣಿ ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿರಬೇಕು. ಹಿಂದಿನ ದಿನ ಸಂಜೆಯೇ ಫೋನ್ ಮಾಡಿ ಹೇಳಿ.